ಪಾತ್ರೆಯ ಜೊತೆ ಬಂದ ಮಿಲಿಟರಿ ಲಾರಿ

ಮೂವತ್ತೊಂದು ವರ್ಷ ನಾನು ಬಸ್ಸುಗಳ ಕೆಳಗೆ ಅಂಗಾತ ಮಲಗಿ ಕೆಲಸ ಮಾಡಿದವನು. ಮೊದಲು ನಾಸಿಕದ ಬಸ್ ಡಿಪೋದಲ್ಲಿ, ಆಮೇಲೆ ಔರಂಗಾಬಾದಿನಲ್ಲಿ. ಆ ಊರನ್ನು ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಭಾಲ್ಕಿ ಕಡೆಯ ನಾನು ಅಷ್ಟು ದೂರ ಹೇಗೆ ಹೋದೆ, ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಅದನ್ನು ಓದಿ ಯಾರೂ ಒಂದು ನಟ್ಟು ಬಿಗಿಯುವುದನ್ನೂ ಕಲಿಯಲಾರರು. ಗ್ಯಾರೇಜಿಗೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ, "ಕಾಕಾ, ಈ ಕೆಲಸ ಎಲ್ಲಿ ಕಲಿತ್ರಿ?" ಎಂದು ಕೇಳುತ್ತಾರೆ. ಡಿಪೋದಲ್ಲಿ ಎಂದರೆ ಅರ್ಧ ಸುಳ್ಳಾಗುತ್ತದೆ. ನಿಜವಾಗಿ ಕಲಿತದ್ದು ನಾಸಿಕದ ನನ್ನ ಬಾಡಿಗೆ ಮನೆಯ ಅಂಗಳದಲ್ಲಿ, ಯಾರಿಗೂ ಬೇಡವಾಗಿದ್ದ ಒಂದು ಮಿಲಿಟರಿ ಲಾರಿಯ ಮೇಲೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಅರವತ್ತರ ದಶಕದ ನಡುವಿನ ಮಾತು. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು, ಕೈ ಚುರುಕಾಗಿತ್ತು, ತಲೆ ಸ್ವಲ್ಪ ಮೇಲಕ್ಕೇರಿತ್ತು. ಒಂದು ಬಸ್ಸಿನ ಬ್ರೇಕ್ ಕೆಲಸ ಮುಗಿಸಿ, ಬ್ರೇಕಿನ ಸರಳು ಕಳಚದಂತೆ ಹಾಕುವ ಸಣ್ಣ ಪಿನ್ನನ್ನು ಹಾಕುವುದನ್ನೇ ಮರೆತೆ. ಡ್ರೈವರ್ ಬಸ್ಸನ್ನು ಡಿಪೋದ ಒಳಗೇ ಒಂದು ಸುತ್ತು ಹೊಡೆಸಿದ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾಲು ಸೀದಾ ಕೆಳಗಿಳಿಯಿತು. ಬಸ್ಸು ನೇರ ಹೋಗಿ ಗೋಡೆಗೆ ಗುದ್ದಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ ಇಬ್ಬರು ಚಹಾಕ್ಕೆಂದು ಎದ್ದು ಹೋಗಿ ಐದು ನಿಮಿಷವಾಗಿತ್ತು, ಅಷ್ಟೇ.

ನಮ್ಮ ಫೋರ್‌ಮನ್ ಕದಮ್ ಸಾಹೇಬರು ಎಂದೂ ದನಿ ಎತ್ತಿದವರಲ್ಲ. ಬಸ್ಸಿನ ಕೆಳಗೆ ಬಗ್ಗಿ ನೋಡಿದರು. ಎದ್ದು ಬಂದು ನನ್ನ ಅಂಗಿಯ ಜೇಬಿಗೆ ಕೈ ಹಾಕಿ ಆ ಪಿನ್ನನ್ನು ಹೊರತೆಗೆದರು. ಅದು ಅಲ್ಲೇ ಇದೆ ಎಂದು ಅವರಿಗೆ ಹೇಗೆ ತಿಳಿಯಿತೋ! ಅಂಗೈಯಲ್ಲಿ ಅದನ್ನಿಟ್ಟು ತೋರಿಸಿ, ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ವೀರಣ್ಣಾ, ನಾಳೆಯಿಂದ ಬಸ್ ತೊಳೆಯೋ ಕಡೆ ಹೋಗು. ಇನ್ನು ನಿನ್ನ ಕೈ ಇಂಜಿನ್ನಿಗೂ ಬ್ರೇಕಿಗೂ ತಾಗಬಾರದು."

ಸುಮಾರು ಎರಡು ವರ್ಷ ನಾನು ಬಸ್ಸು ತೊಳೆದೆ. ಕೈಯಲ್ಲಿ ಕಸುಬಿದ್ದೂ ಪೈಪು ಹಿಡಿದು ನಿಲ್ಲುವುದು ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಪಕ್ಕದ ಶೆಡ್ಡಿನಲ್ಲಿ ಇಂಜಿನ್ ಬಿಚ್ಚುವ ಸದ್ದು ಕೇಳಿದರೆ ನನ್ನ ಬೆರಳುಗಳು ತಾವಾಗಿಯೇ ಆಡುತ್ತಿದ್ದವು.

ಆಗ ಬಸ್ ನಿಲ್ದಾಣದ ಹತ್ತಿರ ಕುಂದಾಪುರ ಕಡೆಯ ರಾಯರೊಬ್ಬರ ಹೋಟೆಲಿತ್ತು. ಊರಲ್ಲಿ ಕನ್ನಡ ಕೇಳಬೇಕೆಂದರೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಒಂದು ದಿನ ರಾಯರು ತಲೆಯ ಮೇಲೆ ಕೈ ಹೊತ್ತು ಗಲ್ಲಾದಲ್ಲಿ ಕುಳಿತಿದ್ದರು.

"ಎಂಥ ಆಯ್ತು ರಾಯರೇ?"

"ಎಂಥ ಹೇಳುದು ಮಾರಾಯ್ರೆ! ಮಿಲಿಟರಿಯವರ ಹಳೇ ಸಾಮಾನು ಹರಾಜಿಗೆ ಇತ್ತು. ದೊಡ್ಡ ದೊಡ್ಡ ಅಡುಗೆ ಪಾತ್ರೆ ಉಂಟು ಅಂತ ಹೋದೆ. ಪಾತ್ರೆ ಬೇಕಾದ್ರೆ ಆ ರಾಶಿಯಲ್ಲಿ ಇದ್ದದ್ದೆಲ್ಲ ತೆಗೊಳ್ಬೇಕಂತೆ. ರಾಶಿಯಲ್ಲಿ ಒಂದು ಲಾರಿ ಉಂಟು!"

ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಯುದ್ಧದ ಕಾಲಕ್ಕೆ ಹಡಗಿನಲ್ಲಿ ಬಂದ ಅಮೆರಿಕದ ಲಾರಿ. ಹತ್ತು ಗಾಲಿ. ಮೂರು ಅಚ್ಚುಗಳಿಗೂ ಇಂಜಿನ್ನಿನ ಬಲ ಹೋಗುವಂಥದ್ದು. ಮುಂದುಗಡೆ ಉಕ್ಕಿನ ಹಗ್ಗ ಸುತ್ತುವ ರಾಟೆ. ಬಾನೆಟ್ಟು ಎತ್ತಿದರೆ ಒಳಗೆ ಗುಬ್ಬಿಗಳು ಗೂಡು ಕಟ್ಟಿದ್ದವು. ಇಂಜಿನ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಹ್ಯಾಂಡಲ್ಲು ಹಾಕಿ ತಿರುಗಿಸಿದರೆ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಗುಜರಿಯವನು ಬಂದು ತುಂಡು ಮಾಡಿ ಒಯ್ತೇನೆ ಅಂತಾನೆ. ನಿಮಗೆ ಬೇಕಾ? ನನ್ನ ಹಿತ್ತಲು ಖಾಲಿ ಮಾಡಿ ಕೊಟ್ರೆ ಸಾಕು," ಎಂದರು ರಾಯರು.

ನಾನು ಯೋಚನೆಯನ್ನೇ ಮಾಡಲಿಲ್ಲ. ಮಾಡಿದ್ದರೆ ಬೇಡವೆನ್ನುತ್ತಿದ್ದೆ. ಭಾನುವಾರ ನಾಲ್ಕು ಜೋಡಿ ಎತ್ತು ಕಟ್ಟಿಸಿ ಲಾರಿಯನ್ನು ಊರ ಹೊರಗಿನ ನಮ್ಮ ಮನೆಗೆ ಎಳೆಸಿಕೊಂಡು ಬಂದೆ. ಓಣಿಯ ಜನ ಮೆರವಣಿಗೆ ನೋಡುವಂತೆ ನಿಂತಿದ್ದರು. ನನ್ನ ಹೆಂಡತಿ ನೀಲಮ್ಮ ಬಟ್ಟೆ ಒಣಹಾಕುತ್ತಿದ್ದವಳು ಹಗ್ಗವನ್ನೇ ಬಿಚ್ಚಿ ದಾರಿ ಮಾಡಿಕೊಟ್ಟಳು.

"ಇದೇನ್ರಿ ಇದು?"

"ಲಾರಿ."

"ಲಾರಿ ಅಂಬೋದು ನನಗೂ ಕಾಣಸ್ತದ. ಎತ್ತು ಎಳಕೊಂಡು ಬಂದದ್ದು ನಡೀತದೇನು ಅಂತ ಕೇಳ್ಲಿಕತ್ತೀನಿ."

"ನಡಸ್ತೀನಿ."

ಅವಳು ನನ್ನ ಮುಖ ನೋಡಿದಳು. ಬಸ್ಸು ತೊಳೆಯಲು ಹೋದ ದಿನದಿಂದ ಆ ಮುಖ ಹೇಗಿತ್ತೆಂದು ಅವಳಿಗೆ ಗೊತ್ತಿತ್ತು. "ಹಂಗಾರ ನಡಸ್ರಿ. ತುಳಸಿಗಿಡಕ್ಕ ಮಾತ್ರ ಎಣ್ಣಿ ಸಿಡೀಬಾರ್ದು," ಎಂದಳು.

ಹೊಸಬರು ಇಲ್ಲೇ ಎಡವುತ್ತಾರೆ. ಬಿಗಿದ ಇಂಜಿನ್ ಕಂಡ ಕೂಡಲೇ ಉದ್ದ ಪೈಪು ಹಾಕಿ ಬಲ ತೋರಿಸಲು ಹೋಗುತ್ತಾರೆ. ಬಲಕ್ಕೆ ಬಗ್ಗುವುದು ಇಂಜಿನ್ ಅಲ್ಲ, ಒಳಗಿನ ಸರಳು. ನಾನು ಇಂಜಿನ್ನಿನ ಮುಚ್ಚಳದಂತಿರುವ ಹೆಡ್ಡು ಬಿಚ್ಚಿ, ಆರೂ ಸಿಲಿಂಡರುಗಳಿಗೆ ಸೀಮೆಎಣ್ಣೆ ಮತ್ತು ತೆಳು ಎಣ್ಣೆ ಬೆರೆಸಿ ಹೊಯ್ದೆ. ದಿನಾ ಸಂಜೆ ಡ್ಯೂಟಿ ಮುಗಿಸಿ ಬಂದು ಒಣಗಿದ್ದಕ್ಕೆ ಮತ್ತೆ ತುಂಬಿಸುವುದು, ಪಿಸ್ಟನ್ನಿನ ಮೇಲೆ ಮರದ ತುಂಡಿಟ್ಟು ಹಗುರವಾಗಿ ನಾಲ್ಕು ಪೆಟ್ಟು ಕೊಡುವುದು, ಹ್ಯಾಂಡಲ್ಲನ್ನು ಹಿಂದಕ್ಕೂ ಮುಂದಕ್ಕೂ ಒತ್ತಿ ನೋಡುವುದು. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಡಿಪೋದಲ್ಲಿ ಸುದ್ದಿ ಹಬ್ಬಿ, "ವೀರಣ್ಣ ಕಬ್ಬಿಣಕ್ಕೆ ಅಭಿಷೇಕ ಮಾಡ್ತಿದಾನೆ," ಎಂದು ನಗಾಡಿದರು. ಹದಿನೇಳನೆಯ ದಿನ ಹ್ಯಾಂಡಲ್ಲು ಒತ್ತಿದಾಗ 'ಟಕ್' ಎಂದಿತು. ಎರಡು ಬೆರಳಿನಷ್ಟು ತಿರುಗಿತು. ನಾನು ಕೂಗಿದ ಕೂಗಿಗೆ ನೀಲಮ್ಮ ಲಟ್ಟಣಿಗೆ ಹಿಡಿದೇ ಓಡಿ ಬಂದಳು.

ಮುಂದಿನದು ವಾಲ್ವುಗಳ ಕೆಲಸ. ಹನ್ನೆರಡು ವಾಲ್ವುಗಳಿಗೂ ಅರೆಯುವ ಮುಲಾಮು ಹಚ್ಚಿ, ಅವುಗಳ ಪೀಠದ ಮೇಲಿಟ್ಟು, ಒಂದು ಕೋಲಿನಿಂದ ಅಂಗೈಗಳ ನಡುವೆ ಹಿಂದೆ ಮುಂದೆ ತಿರುಗಿಸಬೇಕು. ಗಾಳಿ ಸೋರದಷ್ಟು ಕೂಡುವವರೆಗೆ ಬಿಡಬಾರದು. ನಾನು ಒಂದನ್ನು ಮುಗಿಸುವಷ್ಟರಲ್ಲಿ ರಟ್ಟೆ ನೋಯುತ್ತಿತ್ತು. ನೀಲಮ್ಮ ಸ್ವಲ್ಪ ಹೊತ್ತು ನೋಡಿದಳು.

"ಮಜ್ಜಿಗಿ ಕಡದಂಗ ಅಲ್ಲೇನ್ರಿ ಇದು? ಇಲ್ಲಿ ತರ್ರಿ."

ನನಗೆ ನಗು ಬಂತು, ಆದರೂ ಕೊಟ್ಟೆ. ಅವಳು ಕಾಲು ಮಡಚಿ ಕುಳಿತು ಕೋಲು ತಿರುಗಿಸತೊಡಗಿದಳು. ಒತ್ತಡ ಹೆಚ್ಚಿಲ್ಲ, ಕಡಿಮೆಯಿಲ್ಲ, ಒಂದೇ ಲಯ. ನಡುನಡುವೆ ವಾಲ್ವನ್ನು ಎತ್ತಿ ಸ್ವಲ್ಪ ತಿರುಗಿಸಿ ಬೇರೆ ಜಾಗದಲ್ಲಿ ಕೂಡಿಸುತ್ತಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅರ್ಧ ಗಂಟೆಯ ಮೇಲೆ ಒರೆಸಿ ನೋಡಿದೆ. ಸುತ್ತಲೂ ಒಂದೇ ಅಗಲದ ಬೂದು ಬಳೆ ಮೂಡಿತ್ತು. ಸೀಮೆಎಣ್ಣೆ ಹೊಯ್ದರೆ ಒಂದು ಹನಿ ಸೋರಲಿಲ್ಲ. ನಾನು ಅರೆದಿದ್ದ ವಾಲ್ವು ಸೋರಿತು. ಅದನ್ನೂ ಅವಳೇ ಮತ್ತೆ ಅರೆದಳು.

ಗಾಳಿ ಸೋರದಂತೆ ಹೆಡ್ಡಿನ ಕೆಳಗೆ ಹಾಕುವ ಗ್ಯಾಸ್ಕೆಟ್ಟು ಎಲ್ಲೂ ಸಿಗಲಿಲ್ಲ. ಮುಂಬಯಿಗೆ ಹೋಗಿ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದೆ. ನಾಸಿಕವೆಂದರೆ ತಾಮ್ರ ಹಿತ್ತಾಳೆಯ ಊರು. ತಾಂಬಟ್ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯ ಸದ್ದು. ಅಲ್ಲಿ ಹಂಡೆ ಮಾಡುವ ರಾಮಭಾವು ಎಂಬ ಮುದುಕರ ಮುಂದೆ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಜೋಡಿಸಿ ಇಟ್ಟೆ. ಅವರು ಕನ್ನಡಕ ಏರಿಸಿ ನೋಡಿ, "ಇದು ಎಂಥಾ ತಾಟು? ತುಂಬಾ ತೂತುಗಳಿವೆ!" ಎಂದರು. ಇಂಜಿನ್ನಿಗೆ ಎಂದು ತಿಳಿದ ಮೇಲೆ ಅವರ ಹುರುಪು ನನ್ನದನ್ನೂ ಮೀರಿತು. ತಾಮ್ರದ ತಗಡನ್ನು ಕತ್ತರಿಸಿ, ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದಿ ಮೆದು ಮಾಡಿದರು. "ಬಿಗಿಯುವಾಗ ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗು. ತಗಡು ಎಂದರೆ ಚಪಾತಿ ಹಿಟ್ಟಿದ್ದಂತೆ, ನಡುವೆ ಗಾಳಿ ಉಳಿಯಬಾರದು," ಎಂದರು. ಮುಂದೆ ಇಡೀ ಸರ್ವಿಸಿನಲ್ಲಿ ನಾನು ಹೆಡ್ಡು ಬಿಗಿದದ್ದು ಆ ಹಂಡೆ ಮಾಡುವವರ ಮಾತಿನಂತೆಯೇ. ಈಗ ಬಿಗಿತದ ಅಳತೆ ತೋರಿಸುವ ಪಾನಾ ಬಂದಿದೆ, ಅದನ್ನೇ ಬಳಸಿ. ಆದರೆ ಕ್ರಮ ಅದೇ, ಬದಲಾಗಿಲ್ಲ.

ಎಲ್ಲ ಜೋಡಿಸಿ ಮುಗಿಯಲು ಎಂಟು ತಿಂಗಳು ಹಿಡಿಯಿತು. ಸ್ಟಾರ್ಟ್ ಮಾಡುವ ದಿನ ರಾಯರು ಒಂದು ಡಬ್ಬಿ ಮೈಸೂರುಪಾಕು ಹಿಡಿದು ಬಂದರು, ಓಣಿಯ ಜನ ಗೋಡೆ ಹತ್ತಿ ಕುಳಿತರು. ನಾನು ಹ್ಯಾಂಡಲ್ಲು ತಿರುಗಿಸಿದೆ. ಇಂಜಿನ್ ಫಿರಂಗಿಯಂತೆ 'ಢಂ' ಎಂದು ಕಾರ್ಬುರೇಟರಿನಿಂದ ಬೆಂಕಿ ಉಗುಳಿತು. ಹ್ಯಾಂಡಲ್ಲು ಹಿಂದಕ್ಕೆ ಒದ್ದು ನನ್ನ ಹೆಬ್ಬೆರಳು ಉಳುಕಿತು. ಗೋಡೆಯ ಮೇಲೆ ಒಬ್ಬರೂ ಉಳಿಯಲಿಲ್ಲ. ಹ್ಯಾಂಡಲ್ಲನ್ನು ಹೆಬ್ಬೆರಳಿನಿಂದ ಸುತ್ತಿ ಹಿಡಿಯಬಾರದು ಎಂಬುದು ನನಗೆ ಗೊತ್ತಿತ್ತು. ಸಂಭ್ರಮದಲ್ಲಿ ಮರೆತಿದ್ದೆ.

ಕೈಗೆ ಅರಿಸಿನದ ಪಟ್ಟಿ ಕಟ್ಟಿಕೊಂಡು ಮೂರು ದಿನ ತಲೆ ಕೆಡಿಸಿಕೊಂಡೆ. ಕಿಡಿ ಬರುತ್ತಿದೆ, ಪೆಟ್ರೋಲ್ ಬರುತ್ತಿದೆ, ಆದರೆ ಕಿಡಿ ಹೊತ್ತು ತಪ್ಪಿ ಬರುತ್ತಿದೆ. ಕೊನೆಗೆ ಮೊದಲ ಸಿಲಿಂಡರಿನ ಪ್ಲಗ್ಗು ಬಿಚ್ಚಿ, ನೀಲಮ್ಮನಿಗೆ ಆ ತೂತಿನ ಮೇಲೆ ಬೆರಳಿಡಲು ಹೇಳಿ, ಎಡಗೈಯಿಂದ ಮೆಲ್ಲಗೆ ಹ್ಯಾಂಡಲ್ಲು ತಿರುಗಿಸಿದೆ. ಪಿಸ್ಟನ್ನು ಮೇಲೆ ಬಂದು ಕಿಡಿ ಹಾರುವ ಗುರುತಿಗೆ ನಿಲ್ಲಿಸಿ ಕೇಳಿದೆ: "ಗಾಳಿ ದಬ್ಬಿತೇನು?"

"ಇಲ್ರಿ, ಸುಮ್ಮ ಅದ."

ಇನ್ನೊಂದು ಸುತ್ತು ತಿರುಗಿಸಿದೆ.

"ಈಗ ದಬ್ಬಿತ್ರಿ! ಬೆರಳು ಎತ್ತಿ ಒಗದಂಗ ಆತು!"

ತಪ್ಪು ಗೊತ್ತಾಯಿತು. ಪಿಸ್ಟನ್ನು ಎರಡು ಸಲ ಮೇಲೆ ಬರುತ್ತದೆ, ಹೊಗೆ ತಳ್ಳಲು ಒಮ್ಮೆ, ಗಾಳಿ ಒತ್ತಲು ಒಮ್ಮೆ. ನಾನು ಕಿಡಿಯನ್ನು ಹೊಗೆ ತಳ್ಳುವ ಹೊತ್ತಿಗೆ ಹೊಂದಿಸಿದ್ದೆ. ಪೂರ್ತಿ ತಿರುವುಮುರುವು. ಬಿಚ್ಚಿ ಸರಿಯಾಗಿ ಕೂಡಿಸಲು ಹತ್ತು ನಿಮಿಷ ಸಾಕಾಯಿತು. ಈ ಸಲ ಯಾರನ್ನೂ ಕರೆಯಲಿಲ್ಲ. ಎರಡನೆಯ ತಿರುವಿಗೇ ಇಂಜಿನ್ ಹಿಡಿದುಕೊಂಡಿತು. ಮೊದಲು ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಆಮೇಲೆ ಆರೂ ಸಿಲಿಂಡರುಗಳು ಒಂದೇ ಉಸಿರಿಗೆ ಬಂದವು. ಅಡುಗೆಮನೆಯ ಮಾಡದಲ್ಲಿದ್ದ ಲೋಟಗಳು ಕಿಣಿಕಿಣಿ ಎಂದವು. ನೀಲಮ್ಮ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಂತಳು. ನಾನು ಅತ್ತೆನೆಂದು ಹೇಳಲು ಈಗ ನಾಚಿಕೆಯಿಲ್ಲ.

ಬ್ರೇಕಿನ ಕೆಲಸವನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ, ಹೆದರಿಕೆಯಿಂದ. ಪ್ರತಿ ಗಾಲಿಯನ್ನೂ ಮೂರು ಸಲ ಬಿಚ್ಚಿ ಕೂಡಿಸಿದೆ. ಪ್ರತಿ ಪಿನ್ನನ್ನೂ ಹಾಕಿ, ಅದರ ಎರಡೂ ಕಾಲು ಮಡಿಸಿ, ಬಿಳಿ ಬಣ್ಣದ ಚುಕ್ಕೆಯಿಟ್ಟೆ. ಹಾಕಿದ ಪಿನ್ನಿಗಷ್ಟೇ ಚುಕ್ಕೆ. ಆ ಅಭ್ಯಾಸ ನಿವೃತ್ತಿಯವರೆಗೂ ಬಿಡಲಿಲ್ಲ. ಲಾರಿ ರಸ್ತೆಗೆ ಯೋಗ್ಯವೆಂದು ಪಾಸಿಂಗ್ ಮಾಡಲು ಬಂದ ಇನ್‌ಸ್ಪೆಕ್ಟರ್ ಲಾರಿಯನ್ನು ಓಡಿಸಿ ನಡುರಸ್ತೆಯಲ್ಲಿ ಏಕಾಏಕಿ ಬ್ರೇಕ್ ಒತ್ತಿದರು. ಅವರ ಟೋಪಿ ಹಾರಿ ಮುಂದಿನ ಗಾಜಿಗೆ ಬಡಿಯಿತು. ಟೋಪಿ ಎತ್ತಿಕೊಂಡು ಸಹಿ ಹಾಕಿದರು.

ಮರುವರ್ಷದ ಮಳೆಗಾಲ. ನನಗೆ ವಾರದ ರಜೆಯ ದಿನ, ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಬಾಗಿಲಲ್ಲಿ ಕದಮ್ ಸಾಹೇಬರು ನಿಂತಿದ್ದರು, ತಲೆಯಿಂದ ನೀರು ಇಳಿಯುತ್ತಿತ್ತು.

"ವೀರಣ್ಣಾ, ಘೋಟಿಯ ಹತ್ತಿರ ನಮ್ಮ ಬಸ್ಸು ಹಳ್ಳಕ್ಕೆ ಜಾರಿದೆ. ಮುಂದಿನ ಗಾಲಿಗಳು ತಗ್ಗು ಸೇತುವೆಯಿಂದ ಕೆಳಗಿವೆ. ಒಳಗೆ ಜನ ಇದ್ದಾರೆ, ಸುತ್ತ ನೀರು, ಇಳಿಯೋಕೆ ಆಗ್ತಿಲ್ಲ. ಎಳೆಯೋಕೆ ಹೋದ ನಮ್ಮ ಗಾಡಿ ಕೆಸರಲ್ಲಿ ಹೂತಿದೆ." ಅಂಗಳದ ಕಡೆ ನೋಡಿದರು. "ನಿನ್ನ ಲಾರಿ ಬರ್ತದೆಯಾ?"

ನಾನು ಕೈ ತೊಳೆದೆ. ನೀಲಮ್ಮ ಆಗಲೇ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದಳು.

ಕದಮ್ ಸಾಹೇಬರು ಕ್ಲೀನರ್ ಕೂರುವ ಕಡೆ ಹತ್ತಿದರು. ವೈಪರ್ ಕೆಟ್ಟಿದ್ದರಿಂದ ದಾರಿಯುದ್ದಕ್ಕೂ ಅವರೇ ಕೈ ಚಾಚಿ ಗಾಜು ಒರೆಸಿದರು. ಘೋಟಿ ಕಡೆಯ ಭತ್ತದ ಗದ್ದೆಗಳು ಕೆರೆಯಂತಾಗಿದ್ದವು. ಹಳ್ಳದ ಬಳಿ ಮುಟ್ಟಿದಾಗ ಬಸ್ಸಿನ ಮೂತಿ ಕೆಳಗೆ, ಹಿಂಭಾಗ ಮೇಲೆ. ಕೆಂಪು ನೀರು ಬಾಗಿಲ ಮೆಟ್ಟಿಲನ್ನು ದಾಟಿತ್ತು. ಕಿಟಕಿಗಳಲ್ಲಿ ಮುಖಗಳು. ಒಬ್ಬ ತಾಯಿ ಮಗುವನ್ನು ತಲೆಯ ಮೇಲೆತ್ತಿ ಹಿಡಿದಿದ್ದಳು.

ಲಾರಿಯನ್ನು ಬಸ್ಸಿನ ಹಿಂದೆ ತಂದು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಉಕ್ಕಿನ ಹಗ್ಗ ಕಟ್ಟಿ ರಾಟೆ ತಿರುಗಿಸಿದೆ. ಹಗ್ಗ ಬಿಗಿಯಿತು, ಬಸ್ಸು ಒಂದು ಗೇಣು ಬಂತು. ಆಮೇಲೆ 'ಟಣ್' ಎಂದು ರಾಟೆ ಸುಮ್ಮನೆ ತಿರುಗಿತು. ಭಾರ ಮೀರಿದರೆ ಮುರಿಯಲೆಂದೇ ಅದರಲ್ಲಿ ಒಂದು ಮೆದು ಪಿನ್ನು ಇರುತ್ತದೆ. ಅದು ಮುರಿದಿತ್ತು.

ಕದಮ್ ಸಾಹೇಬರು ಲಾರಿಯ ಪಾನಾ ಪೆಟ್ಟಿಗೆಯಿಂದ ಉಕ್ಕಿನ ಬೋಲ್ಟು ತೆಗೆದರು. "ಇದನ್ನು ಹೊಡಿ. ಇದು ಮುರಿಯೋದಿಲ್ಲ."

"ಬೇಡ ಸಾಹೇಬ್. ಇದು ಮುರಿಯದಿದ್ದರೆ ಹಗ್ಗ ಹರೀತದೆ. ಹರಿದ ಹಗ್ಗ ಇಲ್ಲಿ ನಿಂತವರ ಕಾಲು ಕತ್ತರಿಸ್ತದೆ."

ಡಿಪೋದಲ್ಲಿ ಅವರಿಗೆ ಎದುರಾಡಿದವರನ್ನು ನಾನು ಕಂಡಿರಲಿಲ್ಲ. ಮಳೆಯಲ್ಲಿ ನಿಂತು ನನ್ನನ್ನೇ ನೋಡಿದರು. "ಹಾಗಾದರೆ ಏನು ಮಾಡೋಣ, ಹೇಳು," ಎಂದರು. ಅವರು ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು.

ರಾಟೆಯನ್ನು ಬಿಟ್ಟು, ಭಾರ ಹಂಚಿಹೋಗುವಂತೆ ಹಗ್ಗವನ್ನು ಎರಡೆಳೆ ಮಾಡಿ, ನೇರವಾಗಿ ಲಾರಿಯ ಮುಂದಿನ ಎರಡು ಕೊಕ್ಕೆಗಳಿಗೆ ಕಟ್ಟಿಸಿದೆ. ಜನರನ್ನು ದೂರ ಸರಿಸಿ, ಗಾಲಿಯ ಕಲ್ಲು ತೆಗೆಸಿ, ಮೂರು ಅಚ್ಚುಗಳಿಗೂ ಬಲ ಕೊಟ್ಟು, ಎಲ್ಲಕ್ಕಿಂತ ನಿಧಾನದ ರಿವರ್ಸ್ ಗೇರಿಗೆ ಹಾಕಿದೆ. ಕ್ಲಚ್ಚನ್ನು ನೂಲೆಳೆಯುವಂತೆ ಬಿಟ್ಟೆ. ಹತ್ತು ಗಾಲಿಗಳೂ ನೆಲ ಕಚ್ಚಿದವು. ಇಂಜಿನ್ ನರಳಿತು, ತಡೆಯಿತು, ಆದರೆ ನಿಲ್ಲಲಿಲ್ಲ. ಬಸ್ಸಿನ ಮುಂದಿನ ಗಾಲಿಗಳು ಸೇತುವೆಯ ಅಂಚಿಗೆ ತಾಗಿ ಒಮ್ಮೆ ಸಿಕ್ಕಿಕೊಂಡವು. ನಾನು ಬ್ರೇಕ್ ಒತ್ತಿದೆ. ಇಡೀ ಬಸ್ಸಿನ ಭಾರ ಇಳಿಜಾರಿನಲ್ಲಿ ನನ್ನ ಬ್ರೇಕಿನ ಮೇಲೆ ನಿಂತಿತು. ಲಾರಿ ಒಂದಂಗುಲವೂ ಜಾರಲಿಲ್ಲ. ಮತ್ತೊಮ್ಮೆ ಕ್ಲಚ್ಚು ಬಿಟ್ಟೆ. ಬಸ್ಸು ಎಗರಿ ಸೇತುವೆಯ ಮೇಲೆ ಕುಳಿತಿತು, ಹಿಂದಕ್ಕೆ ಸರಿಯುತ್ತ ಗಟ್ಟಿ ರಸ್ತೆಗೆ ಬಂತು.

ಬಾಗಿಲು ತೆರೆದಾಗ ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಇಳಿದರು. ಮಗು ಹೊತ್ತ ತಾಯಿ ನನ್ನನ್ನು ನೋಡಲಿಲ್ಲ, ಲಾರಿಯ ಮಡ್‌ಗಾರ್ಡಿಗೆ ಹಣೆ ಮುಟ್ಟಿಸಿ ನಮಸ್ಕರಿಸಿದಳು. ಕದಮ್ ಸಾಹೇಬರು ಆ ಮಳೆಯಲ್ಲಿ, ಬಿಳಿ ಅಂಗಿಯಲ್ಲೇ, ಲಾರಿಯ ಕೆಳಗೆ ಅಂಗಾತ ಮಲಗಿದರು. ಒಂದೊಂದೇ ಬ್ರೇಕು ನೋಡಿ, ಕೆಸರು ಮೆತ್ತಿಕೊಂಡು ಹೊರಗೆ ಬಂದರು.

"ಆ ಬಿಳಿ ಚುಕ್ಕೆ ಯಾಕೆ?"

"ಪಿನ್ ಹಾಕಿದ ಗುರುತು, ಸಾಹೇಬ್."

ತಲೆಯಾಡಿಸಿದರು. ಮರುದಿನ ನಾನು ತೊಳೆಯುವ ಕಡೆ ಹೋದರೆ ನನ್ನ ಪೈಪು ಬೇರೆಯವರ ಕೈಯಲ್ಲಿತ್ತು. ಇಂಜಿನ್ ಶೆಡ್ಡಿನಲ್ಲಿ ಕದಮ್ ಸಾಹೇಬರು ಬಿಚ್ಚಿದ ಬ್ರೇಕಿನ ಮುಂದೆ ಸುಣ್ಣದ ಡಬ್ಬಿ ಇಟ್ಟುಕೊಂಡು, ಎಲ್ಲ ಫಿಟ್ಟರುಗಳಿಗೂ ಪಿನ್ನಿನ ಮೇಲೆ ಚುಕ್ಕೆ ಇಡುವುದನ್ನು ತೋರಿಸುತ್ತಿದ್ದರು.

ಎಪ್ಪತ್ತರ ದಶಕದ ಮೊದಲಿಗೆ ನನಗೆ ಔರಂಗಾಬಾದಿಗೆ ವರ್ಗವಾಯಿತು. ಸಾಮಾನು ಸಾಗಿಸಲು ಬೇರೆ ಗಾಡಿ ಬೇಕಾಗಲಿಲ್ಲ. ನೀಲಮ್ಮ ಅಷ್ಟರಲ್ಲಿ ಹೊಲದ ಬಯಲಿನಲ್ಲಿ ಲಾರಿ ನಡೆಸುವುದನ್ನು ಕಲಿತು ಲೈಸೆನ್ಸನ್ನೂ ಮಾಡಿಸಿಕೊಂಡಿದ್ದಳು. "ಇಂಜಿನ್ನಿನ ಒಳಗೆಲ್ಲ ನೋಡೀನಿ, ಹೊರಗ ಕೂತು ತಿರಗಸೂದೇನು ದೊಡ್ಡದು?" ಎಂಬುದು ಅವಳ ವಾದ. ಗಂಗಾಪುರದ ಕಡೆಯ ನೆಟ್ಟನೆಯ ರಸ್ತೆಯಲ್ಲಿ ಅವಳೇ ನಡೆಸಿದಳು. ಎದುರು ಬಂದ ಬಂಡಿಯವರು ಎತ್ತುಗಳನ್ನು ನಿಲ್ಲಿಸಿ ನೋಡಿದರು.

ಹೊಸ ಊರಲ್ಲಿ ನೆಲೆಯಾದ ಮೇಲೆ ಒಂದು ಭಾನುವಾರ ಖುಲ್ತಾಬಾದಿಗೆ ಹೊರಟೆವು. ಅಲ್ಲಿಗೆ ಹೋಗುವ ದಾರಿಯಲ್ಲಿ ಕಡಿದಾದ ಏರು. ಅರ್ಧ ಏರಿನಲ್ಲಿ ಒಂದು ಹೊಸ ಲಾರಿ ನೀರು ಕುದ್ದು ನಿಂತಿತ್ತು. ನೀಲಮ್ಮ ತುಸು ಮೊದಲೇ ಗೇರು ಇಳಿಸಿದಳು. ಅವಸರವಿಲ್ಲದೆ, ಒಂದೇ ಸದ್ದಿನಲ್ಲಿ, ನಮ್ಮ ಲಾರಿ ಅದನ್ನು ದಾಟಿ ಮೇಲೆ ಹತ್ತಿತು. ನಾನು ಬಾಯಿ ತೆರೆಯಲೇ ಬೇಕಾಗಲಿಲ್ಲ.

ಮೇಲೆ ನಿಲ್ಲಿಸಿದಾಗ ಗುಲಾಬಿ ಹೂವು ಮಾರುವ ಮುದುಕರೊಬ್ಬರು ಬುಟ್ಟಿ ಇಳಿಸಿ ಹತ್ತಿರ ಬಂದರು. ಗಾಲಿಗಳನ್ನು ಎಣಿಸಿದರು. ಡ್ರೈವರ್ ಜಾಗದಲ್ಲಿ ಸೆರಗು ಸಿಕ್ಕಿಸಿ ಕುಳಿತವಳನ್ನು ನೋಡಿದರು. ನನ್ನ ಕಡೆ ತಿರುಗಿ, "ಭಯ್ಯಾ, ಯೇ ಗಾಡಿ ಕೌನ್ ಬನಾಯಾ?" ಎಂದು, ಗಾಡಿ ಮಾಡಿದವರು ಯಾರೆಂದು ಕೇಳಿದರು.

ಇಷ್ಟು ವರ್ಷ ಯಾರು ಕೇಳಿದರೂ ನಾನು ಕೊಡುತ್ತಿದ್ದ ಉತ್ತರ ಒಂದೇ: ನಾನು. ಅದೇ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ನೀಲಮ್ಮ ಕಿಟಕಿಯಿಂದ ಬಗ್ಗಿ, ಬೀದರಿನ ಹಿಂದಿಯಲ್ಲಿ, "ಹಮ್ ದೋನೋ ಮಿಲ್ಕೆ ಬನಾಯೇ, ಚಾಚಾ," ಎಂದಳು. ನಾವಿಬ್ಬರೂ ಸೇರಿ.

ಮುದುಕರು ಎರಡು ಹೂವು ಆರಿಸಿ, ಎರಡನ್ನೂ ಅವಳ ಕೈಗೇ ಕೊಟ್ಟರು.

"ತಿರುಗಿ ಹೋಗೂವಾಗ ಇಳಿಜಾರ ಅದ. ನಾನು ಹೊಡೀಲೇನು?" ಎಂದು ಕೇಳಿದೆ.

"ಬ್ಯಾಡ್ರಿ. ಬ್ರೇಕ್ ನೀವು ಮಾಡಿದ್ದು, ನನಗೇನು ಹೆದರಿಕಿ? ಆ ಕಡೆ ಹತ್ರಿ."

ನಾನು ಕ್ಲೀನರ್ ಕೂರುವ ಕಡೆ ಹತ್ತಿ, ಬಾಗಿಲ ಹೊರಗೆ ಅಂಗೈಯಿಂದ ಎರಡು ಸಲ ಬಡಿದೆ. ಲಾರಿ ಹೊರಟಿತು.